ಕಂಪ್ಯೂಟರ್ ಕೇಳದ ಪ್ರಶ್ನೆ

ಹೊಸ ಔಷಧಿ ಅಂಗಡಿಗೆ ಬರುವ ಮೊದಲು ಮನುಷ್ಯರ ಮೇಲೆ ಪ್ರಯೋಗ ಆಗಬೇಕು. ಹಿಂದೆ ಅದರ ಲೆಕ್ಕವೆಲ್ಲ ಕಾಗದದಲ್ಲಿತ್ತು. ಬಿಪಿ, ಸಕ್ಕರೆ, ಜ್ವರ, ತಲೆಸುತ್ತು ಎಲ್ಲವನ್ನೂ ಆಸ್ಪತ್ರೆಯವರು ಫಾರಂನಲ್ಲಿ ತುಂಬಿ ಕಳಿಸುತ್ತಿದ್ದರು. ಈಗ ರೇವ್, ಓಪನ್‌ಕ್ಲಿನಿಕಾ, ರೆಡ್‌ಕ್ಯಾಪ್‌ನಂಥ ಸಾಫ್ಟ್‌ವೇರ್‌ಗಳು ಬಂದಿವೆ. ಆಸ್ಪತ್ರೆಯಲ್ಲಿ ಟೈಪ್ ಮಾಡಿದ್ದನ್ನು ದೂರದ ಕಚೇರಿಯಲ್ಲಿ ಕೂತವರು ಅವತ್ತೇ ನೋಡಬಹುದು. ಆ ಕಚೇರಿಗಳಲ್ಲಿ ಎಷ್ಟೋ ನಮ್ಮ ಬೆಂಗಳೂರಲ್ಲೇ ಇವೆ.

ಈ ಸಾಫ್ಟ್‌ವೇರ್ ಬಲು ಬಿಗಿ. ಬಿಪಿ 120 ಅಂತ ಹಾಕುವಲ್ಲಿ 1200 ಅಂತ ಹಾಕಿದರೆ ಅಲ್ಲೇ ತಡೆದು ಕೇಳುತ್ತದೆ. ಒಂದು ಅಂಕಿ ತಿದ್ದಿದರೂ ಯಾರು ತಿದ್ದಿದರು, ಎಷ್ಟು ಹೊತ್ತಿಗೆ, ಮೊದಲು ಏನಿತ್ತು, ಯಾಕೆ ಬದಲಾಯಿತು ಅಂತ ಬರೆದಿಡುತ್ತದೆ. ಪಹಣಿ ತಿದ್ದುವಾಗಲೂ ಇಷ್ಟು ಬಿಗಿ ಇದ್ದಿದ್ದರೆ ಎಷ್ಟು ಜಗಳ ತಪ್ಪುತ್ತಿತ್ತೋ! ಹಾಗಾಗಿ ಈ ಬದಲಾವಣೆ ನಮಗೆ ಇಷ್ಟವೇ. ಕಾಗದ ಹರಿದರೆ ಕೇಳುವವರಿರಲಿಲ್ಲ.

ನಮ್ಮ ತಕರಾರು ಬೇರೆ. ರೋಗಿಯ ಒಪ್ಪಿಗೆಗೆ ಇದರಲ್ಲಿ ಇರುವುದು ಒಂದು ಟಿಕ್ಕು, ಒಂದು ತಾರೀಕು. ಆ ತಾರೀಕು ಮೊದಲ ಪರೀಕ್ಷೆಗಿಂತ ಮುಂಚಿನದೇ ಅಂತ ಸಾಫ್ಟ್‌ವೇರ್ ನೋಡುತ್ತದೆ. ರೋಗಿಗೆ ಅರ್ಥವಾಗಿತ್ತಾ ಅಂತ ನೋಡುವುದಿಲ್ಲ.

2009ರಲ್ಲಿ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಶಾಲಾ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಹಾಕಿ ಅಧ್ಯಯನ ಮಾಡಿದರು. ಆಮೇಲೆ ಪರಿಶೀಲಿಸಿದ ಆಂಧ್ರದ 9,543 ಒಪ್ಪಿಗೆ ಫಾರಂಗಳ ಪೈಕಿ 2,763ಕ್ಕೆ ಸಹಿ ಹಾಕಿದ್ದು ಹಾಸ್ಟೆಲ್ ವಾರ್ಡನ್‌ಗಳು. 2013ರ ಸಂಸದೀಯ ಸಮಿತಿ ವರದಿ ಇದನ್ನು ಎತ್ತಿ ಹೇಳಿತು. ಲಸಿಕೆ ಕೆಟ್ಟದ್ದು ಅಂತಲ್ಲ, ಅನೇಕ ದೇಶಗಳು ಅದನ್ನು ಕೊಡುತ್ತಿವೆ. ಮಾತು ಒಪ್ಪಿಗೆಯದು. ಅಂಥ ಫಾರಂ ಎದುರಿಗಿಟ್ಟುಕೊಂಡು ಇವತ್ತು ಯಾರಾದರೂ ಟಿಕ್ಕು ಹಾಕಿದರೆ ಯಾವ ಸಾಫ್ಟ್‌ವೇರೂ ಕಮಕ್ ಕಿಮಕ್ ಅನ್ನುವುದಿಲ್ಲ.

ಕಾನೂನು ಇಲ್ಲವೆಂದಲ್ಲ. 2019ರ ನಿಯಮದ ಪ್ರಕಾರ ಮಾಹಿತಿಯನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು. ಓದಲು ಬಾರದವರ ಪಕ್ಕ ಸಂಬಂಧವಿಲ್ಲದ ಸಾಕ್ಷಿ ಇರಬೇಕು. ಫಾರಂನ ಪ್ರತಿ ಮನೆಗೆ ಕೊಡಬೇಕು. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಕೊಡಬೇಕು. ಬೇಡವೆನಿಸಿದ ದಿನ ಬಿಟ್ಟು ಬರಬಹುದು.

ನಾವು ಕೇಳುವುದು ಇಷ್ಟೇ. ಬಿಪಿಗೆ ತೋರುವ ಬಿಗಿಯನ್ನು ಒಪ್ಪಿಗೆಗೂ ತೋರಿಸಿ. ಯಾವ ಭಾಷೆಯಲ್ಲಿ ಹೇಳಿದಿರಿ, ಎಷ್ಟು ಹೊತ್ತು ಹೇಳಿದಿರಿ, ಸಾಕ್ಷಿ ಯಾರು, ರೋಗಿ ಏನು ಕೇಳಿದರು, ಇದೂ ಸಾಫ್ಟ್‌ವೇರ್‌ನಲ್ಲಿ ದಾಖಲಾಗಲಿ. ಸಾಫ್ಟ್‌ವೇರ್‌ಗೆ ಹಣ ಹಾಕುವ ಕಂಪನಿಗೆ ನಾಲ್ಕು ಖಾನೆ ಹೆಚ್ಚಿಗೆ ಸೇರಿಸುವುದು ದೊಡ್ಡ ಖರ್ಚಲ್ಲ.

ಅಲ್ಲಿಯವರೆಗೆ, ಯಾರಾದರೂ ಇಂಥ ಫಾರಂ ಮುಂದಿಟ್ಟರೆ ಸಹಿಗೆ ಮೊದಲು ಸಿಟಿಆರ್‌ಐ ಸಂಖ್ಯೆ ಕೇಳಿ. ಅದು ದೇಶದ ಪ್ರಯೋಗಗಳ ನೋಂದಣಿ ಪಟ್ಟಿ. ಹೊಸ ಔಷಧಿಯ ಪ್ರಯೋಗ ಅದರಲ್ಲಿ ಇರಲೇಬೇಕು ಅಂತ 2009ರಿಂದ ಕಡ್ಡಾಯವಾಗಿದೆ. ಫೋನಲ್ಲೇ ನೋಡಬಹುದು, ದುಡ್ಡಿಲ್ಲ. ವಿವರವೆಲ್ಲ ಇಂಗ್ಲಿಷಿನಲ್ಲಿದೆ, ಕಾಲೇಜಿಗೆ ಹೋಗುವ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.