ಗುಳಿಗೆಯೊಂದಿಗೆ ನಾಲ್ಕು ಮಾತು ಕನ್ನಡದಲ್ಲೂ ಇರಲಿ

ಮಳೆಗಾಲದಲ್ಲಿ ನಮ್ಮ ತೋಟ, ಗದ್ದೆಗಳಲ್ಲಿ ದುಡಿಯುವವರನ್ನು ಕಾಡುವ ರೋಗಗಳಲ್ಲಿ ಇಲಿಜ್ವರವೂ ಒಂದು. ಇಲಿ, ದನಕರುಗಳ ಮೂತ್ರ ಸೇರಿದ ಕೆಸರುನೀರಿನಿಂದ, ಕಾಲಿನ ಸಣ್ಣ ಗಾಯದ ಮೂಲಕ ರೋಗಾಣು ದೇಹವನ್ನು ಹೊಗುತ್ತದೆ. ಮುಂಜಾಗ್ರತೆಗಾಗಿ ಡಾಕ್ಸಿಸೈಕ್ಲಿನ್ ಗುಳಿಗೆ ಕೊಡುವುದು ಕೇರಳದಲ್ಲಿ ರೂಢಿ. 2018ರ ಮಹಾಪೂರದ ಬಳಿಕ ಅದನ್ನು ದೊಡ್ಡ ಪ್ರಮಾಣದಲ್ಲಿ ಹಂಚಲಾಯಿತು. ಆದರೆ ಕೈಗೆ ಬಂದ ಗುಳಿಗೆಯೆಲ್ಲ ಹೊಟ್ಟೆಗೆ ಸೇರುತ್ತದೆಯೇ? ಅರಿಯದ ಮದ್ದೆಂದು ಮೂಲೆಗಿಡುವವರೂ ನಮ್ಮಲ್ಲಿದ್ದಾರೆ.

ಅದು ಕೆಲಸ ಮಾಡುವ ಬಗೆ ತಿಳಿದರೆ ಭಯ ಅರ್ಧ ಇಳಿದೀತು. ಬ್ಯಾಕ್ಟೀರಿಯ ಬೆಳೆಯಬೇಕಾದರೆ ಸದಾ ಪ್ರೋಟೀನು ತಯಾರಿಸುತ್ತಿರಬೇಕು. ಅದಕ್ಕಾಗಿ ಅದರೊಳಗೆ ರೈಬೋಸೋಮ್ ಎಂಬ ಪುಟ್ಟ ಕಾರ್ಖಾನೆಗಳಿವೆ. ಟೆಟ್ರಾಸೈಕ್ಲಿನ್ ಬಳಗಕ್ಕೆ ಸೇರಿದ ಈ ಮದ್ದು ಅಲ್ಲಿ ಕಚ್ಚಾ ಸಾಮಗ್ರಿ ಬಂದಿಳಿಯುವ ಜಾಗದಲ್ಲೇ ಕುಳಿತುಬಿಡುತ್ತದೆ. ಸಾಮಗ್ರಿಯಿಲ್ಲದೆ ಕೆಲಸ ನಿಲ್ಲುತ್ತದೆ, ರೋಗಾಣು ವೃದ್ಧಿಯಾಗುವುದಿಲ್ಲ. ಉಳಿದುದನ್ನು ದೇಹದ ರೋಗನಿರೋಧಕ ಶಕ್ತಿಯೇ ಮುಗಿಸುತ್ತದೆ. ನಮ್ಮ ಜೀವಕೋಶಗಳ ರೈಬೋಸೋಮಿನ ರಚನೆ ಬೇರೆಯಾದುದರಿಂದ ನಮಗೆ ಆ ಬಾಧೆ ಕಡಿಮೆ. ವೈರಸ್ಸಿಗೆ ಇಂಥ ಕಾರ್ಖಾನೆಯೇ ಇಲ್ಲ; ಆದ್ದರಿಂದ ನೆಗಡಿಗೂ ಡೆಂಗೆಗೂ ಈ ಗುಳಿಗೆ ನಿಷ್ಪ್ರಯೋಜಕ.

ಈ ಬಳಗದ ಮೊದಲ ಮದ್ದಾದ ಆರಿಯೋಮೈಸಿನ್ 1948ರಲ್ಲಿ ಬೆಳಕಿಗೆ ಬಂದುದು ಅಮೆರಿಕದ ಲೆಡರ್ಲಿ ಪ್ರಯೋಗಾಲಯದಿಂದ. ಅಲ್ಲಿನ ಸಂಶೋಧನೆಗೆ ಮುಂದಾಳಾಗಿದ್ದವರು ಭಾರತದ ಯಲ್ಲಾಪ್ರಗಡ ಸುಬ್ಬರಾವ್ ಎಂಬುದು ನಮಗೆ ಹೆಮ್ಮೆ.

ಮದ್ದು ಒಳ್ಳೆಯದಾದರೂ ಕ್ರಮ ತಪ್ಪಬಾರದು. ಕೆಸರಲ್ಲಿ ದುಡಿಯುವ ದೊಡ್ಡವರಿಗೆ ವಾರಕ್ಕೊಮ್ಮೆ 200 ಮಿಲ್ಲಿಗ್ರಾಂ, ಊಟದ ಬಳಿಕ, ಲೋಟ ತುಂಬ ನೀರಿನೊಂದಿಗೆ. ಹಾಲು, ಕಬ್ಬಿಣಾಂಶದ ಗುಳಿಗೆ, ಹೊಟ್ಟೆಯುರಿಯ ಮದ್ದು ಇದರ ಜತೆ ಸೇರಿದರೆ ಮದ್ದು ಮೈಗೆ ಹತ್ತದು. ಗರ್ಭಿಣಿಯರೂ ಎಳೆಯ ಮಕ್ಕಳೂ ವೈದ್ಯರನ್ನು ಕೇಳದೆ ನುಂಗಕೂಡದು. ಜ್ವರ ಬಂದರಂತೂ ಆಸ್ಪತ್ರೆಗೇ ಹೋಗಬೇಕು.

ಇಷ್ಟು ಮಾತನ್ನು ಕನ್ನಡದಲ್ಲಿ ಅಚ್ಚು ಹಾಕಿ ಗುಳಿಗೆಯ ಜತೆ ಕೊಡುವುದು ಕಷ್ಟವೇ? ಭಾಷಾ ಅಲ್ಪಸಂಖ್ಯಾತರು ಸರಕಾರದೊಡನೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡಬಹುದೆಂದು 1969ರ ಕೇರಳ ಆಡಳಿತ ಭಾಷಾ ಕಾಯಿದೆಯೇ ಒಪ್ಪಿದೆ. ನಾವು ಮಲೆಯಾಳವನ್ನು ದೂರುತ್ತಿಲ್ಲ. ಅದನ್ನು ಓದಲಾರದ ನಮ್ಮ ಅಜ್ಜ ಅಜ್ಜಿಯರ ಪ್ರಾಣದ ಮಾತು ಆಡುತ್ತಿದ್ದೇವೆ. ಅಧಿಕಾರಿಗಳು ಗಮನಿಸಲಿ. ಅಲ್ಲಿಯತನಕ ಓದುಬಲ್ಲ ಮಕ್ಕಳು ನೆರೆಮನೆಯವರಿಗೂ ಓದಿ ಹೇಳಲಿ.