ಬಣ್ಣ ಬದಲಿಸುವ ಕನ್ನಡಕಕ್ಕೆ ನಮ್ಮ ಬಿಸಿಲು ಗೊತ್ತೇ?



ಭಾನುವಾರ ಪೂಜೆ ಮುಗಿದು ಹೊರಗೆ ನಿಂತಾಗ ಕೆಲವರ ಕನ್ನಡಕ ನೋಡನೋಡುತ್ತಲೇ ಕಪ್ಪಾಗುವುದನ್ನು ನೀವು ಗಮನಿಸಿರುತ್ತೀರಿ. ನಮ್ಮ ಹುಡುಗರಿಗೆ ಅದೊಂದು ಸ್ಟೈಲು. ನಿಜವಾಗಿ ಅದು ಬೇಕಿರುವುದು ರಾಯದುರ್ಗ, ಮಡಕಶಿರಾ ಕಡೆ ಕಡಲೆಕಾಯಿ ಹೊಲದಲ್ಲಿ ದಿನವಿಡೀ ದುಡಿಯುವವರಿಗೆ. ಆದರೆ ಆ ಲೇಪನ ಸೋಲುವುದೂ ಇಂಥ ಕಾದ ಊರುಗಳಲ್ಲೇ.

ಕಾರಣ ಅದರ ರಸಾಯನದಲ್ಲೇ ಇದೆ. ಪಾಲಿಮರ್ ಒಳಗೆ ನ್ಯಾಫ್ತೋಪೈರಾನ್ ಜಾತಿಯ ಅಣುಗಳಿರುತ್ತವೆ. ನೇರಳಾತೀತ ಕಿರಣ ತಾಗಿದರೆ ಅಣುವಿನ ಒಂದು ಕಾರ್ಬನ್–ಆಕ್ಸಿಜನ್ ಬಂಧ ಬಿಚ್ಚಿಕೊಂಡು, ಮಡಚಿದ ಛತ್ರಿಯಂತಿದ್ದದ್ದು ಅರಳಿ ಬೆಳಕು ಹೀರುತ್ತದೆ. ಇವುಗಳ ಹಿರಿಯಣ್ಣ ಸ್ಪೈರೋಪೈರಾನ್‌ನಲ್ಲಿ ಈ ಗುಣವನ್ನು 1952ರಲ್ಲಿ ಇಸ್ರೇಲಿನ ಫಿಷರ್ ಮತ್ತು ಹಿರ್ಷ್‌ಬರ್ಗ್ ತೋರಿಸಿದ್ದರು. ಅರಳಿದ ಛತ್ರಿಯನ್ನು ಮತ್ತೆ ಮಡಚುವುದು ಮುಖ್ಯವಾಗಿ ಶಾಖ. ಬಿಸಿ ಹೆಚ್ಚಿದಷ್ಟೂ ಬೇಗ ಮಡಚಿಕೊಳ್ಳುತ್ತದೆ, ಬಿಸಿಲಲ್ಲಿ ನಿಂತಿದ್ದರೂ ಸರಿ. ಊಟಿಯ ಚಳಿಬಿಸಿಲಲ್ಲಿ ಕಡುಕಪ್ಪಾಗುವ ಮಸೂರ ನಮ್ಮ ಮೇ ತಿಂಗಳ 40 ಡಿಗ್ರಿಯಲ್ಲಿ ಅಷ್ಟು ಕಪ್ಪಾಗುವುದಿಲ್ಲ. ನಂಬಿಕೆ ಬರದಿದ್ದರೆ ಒಮ್ಮೆ ತಣ್ಣೀರಲ್ಲಿ, ಒಮ್ಮೆ ಬೆಚ್ಚಗಿನ ನೀರಲ್ಲಿ ಅದ್ದಿ ಬಿಸಿಲಿಗೆ ಹಿಡಿದು ನೋಡಿ. (ಕುದಿನೀರು ಬೇಡ, ಕೋಟಿಂಗ್ ಹೋದರೆ ನಿಮ್ಮ ಮನೆಯವರು ನನ್ನನ್ನು ಹುಡುಕುತ್ತಾರೆ!)

ಇಂಥ ಮಸೂರಗಳ ಮುಖ್ಯ ಪರೀಕ್ಷೆ ನಡೆಯುವುದು 23 ಡಿಗ್ರಿಯಲ್ಲಿ. ಅನಂತಪುರ ಜಿಲ್ಲೆಯಲ್ಲಿ ಮಧ್ಯಾಹ್ನ 23 ಡಿಗ್ರಿ ಎಷ್ಟು ದಿನ ಸಿಗುತ್ತದೆ ಹೇಳಿ!

ಬಿಸಿಲು ಜೋರಾದಾಗ ಬಣ್ಣ ತಿರುಗುವ ಪಟ್ಟಿಯನ್ನು ಟೋಪಿಗೆ ಅಂಟಿಸಬಹುದು ಎನ್ನುವವರೂ ಇದ್ದಾರೆ. ಪಟ್ಟಿ ನೇರಳೆಯಾಯಿತೆಂದು ಕೂಲಿಯವಳು ಅರ್ಧದಿನದ ಕೂಲಿ ಬಿಟ್ಟು ನೆರಳಿಗೆ ಬರಲಾದೀತೇ? ಅವಳಿಗೆ ಬೇಕಿರುವುದು ಎಚ್ಚರಿಕೆಯಲ್ಲ, ರಕ್ಷಣೆ. ವರ್ಷಗಟ್ಟಲೆ ಬೀಳುವ ನೇರಳಾತೀತ ಕಿರಣ ಕಣ್ಣಿನ ಪೊರೆಗೆ ಒಂದು ಕಾರಣ. ಅದನ್ನು ತಡೆಯಲು ಮಸೂರ ಕಪ್ಪಾಗಲೇಬೇಕೆಂದಿಲ್ಲ. ಬಣ್ಣವಿಲ್ಲದ ಪಾಲಿಕಾರ್ಬನೇಟ್ ಮಸೂರವೂ ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಆದ್ದರಿಂದ ಹಿರಿಯರಿಗೆ ಕನ್ನಡಕ ಕೊಡಿಸುವ ಯೋಚನೆಯಿದ್ದರೆ ಬಣ್ಣ ಬದಲಿಸುವುದಕ್ಕೆ ದುಡ್ಡು ಸುರಿಯಬೇಡಿ, ಇದನ್ನೇ ಕೊಡಿಸಿ. ಕಣ್ಣು ಕೋರೈಸದಿರಲು ಅಗಲ ಅಂಚಿನ ಟೋಪಿಯೂ ಜೊತೆಗಿರಲಿ.

ಇನ್ನು ಬಿ.ಎಸ್ಸಿ. ಓದುವ ತಮ್ಮ ತಂಗಿಯರಿಗೆ ಒಂದು ಮಾತು. ಶಾಖಕ್ಕೆ ಬೇಗ ಮಡಚದ ಅಣು, ಅದಕ್ಕೆ ಹೊಂದುವ ಪಾಲಿಮರ್ ಇನ್ನೂ ಬೇಕಾಗಿದೆ. ಬೆಂಗಳೂರಿನಲ್ಲಿ ಎಸ್. ಚಂದ್ರಶೇಖರ್ 1991ರಲ್ಲಿ ಕಟ್ಟಿದ ದ್ರವಸ್ಫಟಿಕ ಸಂಶೋಧನಾ ಕೇಂದ್ರ ಈಗ ನ್ಯಾನೋ ಮತ್ತು ಮೃದು ವಸ್ತು ವಿಜ್ಞಾನಗಳ ಕೇಂದ್ರವಾಗಿ ಬೆಳೆದಿದೆ. ಬೆಳಕಿಗೆ ಸ್ಪಂದಿಸುವ ವಸ್ತುಗಳ ಅಧ್ಯಯನ ಅಲ್ಲಿ ನಡೆದಿದೆ. ಮಡಕಶಿರಾದಿಂದ ಬೆಂಗಳೂರೇನೂ ದೂರದ ಊರಲ್ಲ. ಒಂದು ಥರ್ಮಾಮೀಟರ್, ಒಂದು ಹಳೆಯ ಮಸೂರ, ಫೋನಿನ ಕ್ಯಾಮೆರಾ ಹಿಡಿದು ಏಪ್ರಿಲ್‌ನಿಂದ ಜೂನ್‌ವರೆಗೆ ಮಹಡಿಯ ಮೇಲೆ ಅಳತೆ ಬರೆದಿಡಿ. ಅಲ್ಲಿಗೆ ಹೋಗುವಾಗ ಆ ನೋಟ್‌ಬುಕ್ ಕೈಯಲ್ಲಿರಲಿ.