ಬೆಳೆದ ಮಗ ಮತ್ತು ಆರೋಗ್ಯ ವಿಮೆ

ಆಷಾಢ ಕಾಲಿಟ್ಟಿತೆಂದರೆ ಕೊಳ್ಳೇಗಾಲದ ಕಲ್ಯಾಣಮಂಟಪಗಳ ಬಾಗಿಲು ಮುಚ್ಚುತ್ತದೆ. ಅದರೊಡನೆ ನನ್ನ ಮಗನ ಸಂಪಾದನೆಯೂ ನಿಲ್ಲುತ್ತದೆ. ಅವನು ಮದುವೆಗಳ ಛಾಯಾಗ್ರಾಹಕ. ಲಗ್ನದ ತಿಂಗಳುಗಳಲ್ಲಿ ಹನೂರು, ಯಳಂದೂರು, ರಾಮಾಪುರ ಎಂದು ಕ್ಯಾಮೆರಾ ಹೊತ್ತು ಹಗಲಿರುಳು ತಿರುಗುವವನು ಆಷಾಢದಲ್ಲಿಯೂ ಧನುರ್ಮಾಸದಲ್ಲಿಯೂ ಪೆಟ್ರೋಲಿಗಾಗಿ ತಾಯಿಯ ಮುಂದೆ ಕೈಯೊಡ್ಡುತ್ತಾನೆ. ಬರುವ ತಿಂಗಳು ಅವನಿಗೆ ಇಪ್ಪತ್ತೈದು ತುಂಬುತ್ತದೆ. ಕುಟುಂಬಕ್ಕೆಂದು ನಾನು ಮಾಡಿಸಿರುವ ಆರೋಗ್ಯ ವಿಮೆಯಲ್ಲಿ ಮಕ್ಕಳಿಗೆ ಅಲ್ಲಿಯವರೆಗೆ ಮಾತ್ರ ಸ್ಥಾನ. ಆಮೇಲೆ ಅವನು ತನ್ನ ದಾರಿ ತಾನು ನೋಡಿಕೊಳ್ಳಬೇಕು.

ಇದು ನನ್ನ ಮನೆಯೊಂದರ ಮಾತಾಗಿದ್ದರೆ ಓದುಗರ ಮುಂದೆ ತರುತ್ತಿರಲಿಲ್ಲ. ನಮ್ಮ ಕಾಲೇಜಿನಲ್ಲಿ ಪದವಿ ಪಡೆದು ರೇಷ್ಮೆ ಸೀರೆಯ ಅಂಗಡಿಯಲ್ಲೋ ಆಟೋ ಓಡಿಸುತ್ತಲೋ ಇರುವ ಹುಡುಗರ ತಂದೆತಾಯಿಗಳು ನನ್ನನ್ನು ಇದೇ ಪ್ರಶ್ನೆ ಕೇಳುತ್ತಾರೆ. ವಿಚಿತ್ರವೆಂದರೆ, ಅಲ್ಪ ವರಮಾನದ ಈ ಬೆಳೆದ ಮಕ್ಕಳನ್ನು ಸರ್ಕಾರ ಒಂದು ಕಣ್ಣಿನಿಂದ, ವಿಮೆಯ ಕಂಪನಿ ಇನ್ನೊಂದು ಕಣ್ಣಿನಿಂದ ನೋಡುತ್ತದೆ. ಕಂಪನಿಗೆ ಅವನು ವಯಸ್ಕ; ಪಡಿತರ ಚೀಟಿಗೆ ಇನ್ನೂ ಅಪ್ಪನ ಮಗ.

2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯನ್ನೇ ನೋಡೋಣ. ಬಡತನ ರೇಖೆಗಿಂತ ಕೆಳಗಿನವರ ಚೀಟಿ ಇದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ. ಉಳಿದವರಿಗೆ ನಿಗದಿತ ದರದ ಶೇಕಡಾ 30ರಷ್ಟು ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ಮಿಕ್ಕ ಎಪ್ಪತ್ತು ಪಾಲು ರೋಗಿಯದು. ನನ್ನ ಮಗನ ಹೆಸರಿರುವುದು ನನ್ನ ಚೀಟಿಯಲ್ಲಿ. ಅವನ ಜೇಬು ಬರಿದಾಗಿದ್ದರೂ ನನ್ನ ಸಂಬಳ ಅವನನ್ನು ಉಳ್ಳವನನ್ನಾಗಿ ಮಾಡಿದೆ! ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಜಾರಿಗೆ ಬಂದು, 2018ರಲ್ಲಿ ನಿಂತು, 2022ರಲ್ಲಿ ಮತ್ತೆ ಜೀವ ತಳೆದ ಯಶಸ್ವಿನಿಯಲ್ಲಿಯೂ ಇದೇ ತೊಡಕು. ಮೊದಲಿಗೆ ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ ಇದ್ದ ವಂತಿಗೆ, ಮರಳಿ ಬಂದಾಗ ಗ್ರಾಮೀಣ ಪ್ರದೇಶದಲ್ಲಿ ನಾಲ್ವರ ಕುಟುಂಬಕ್ಕೆ 500 ಆಯಿತು. ಅಗ್ಗವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಲ್ಲಿಯೂ ಎಣಿಕೆ ಕುಟುಂಬದ್ದೇ; ಮನೆಯಲ್ಲಿ ಒಳ್ಳೆಯ ಸಂಬಳದವರಿದ್ದರೆ ಬಾಗಿಲು ತೆರೆಯದು.

ಅವನ ಗೆಳೆಯನೊಬ್ಬ ನಂಜನಗೂಡಿನ ಕಾರ್ಖಾನೆಯಲ್ಲಿದ್ದಾನೆ. ತಿಂಗಳಿಗೆ 15,000 ಸಂಬಳ. ಇ.ಎಸ್.ಐ.ಗೆ ಅವನಿಂದ ಶೇಕಡಾ 0.75ರಂತೆ 112 ರೂಪಾಯಿ 50 ಪೈಸೆ, ಮಾಲೀಕನಿಂದ 3.25ರಂತೆ 487 ರೂಪಾಯಿ 50 ಪೈಸೆ. ಅಷ್ಟಕ್ಕೆ ಚಿಕಿತ್ಸೆಯಷ್ಟೇ ಅಲ್ಲ, ಕಾಯಿಲೆ ಬಿದ್ದ ದಿನಗಳಿಗೆ ಕೂಲಿಯ ಒಂದು ಪಾಲೂ ದೊರೆಯುತ್ತದೆ. ಸ್ವಂತ ದುಡಿಮೆಯವನಿಗೆ ಇಂಥ ಮಾಲೀಕನೆಲ್ಲಿ? ಮುಹೂರ್ತದ ದಿನ ಜ್ವರ ಬಂದರೆ ಅಂದಿನ ಗಳಿಕೆ ಹೋಯಿತು; ಮುಂಗಡವನ್ನೂ ಹಿಂದಿರುಗಿಸಬೇಕು. ಬಡವನ ಕಾಯಿಲೆಯಲ್ಲಿ ಆಸ್ಪತ್ರೆಯ ಬಿಲ್ಲು ಅರ್ಧ ಭಾಗ ಮಾತ್ರ ಎಂಬುದನ್ನು ಅರಿತವರು ನಮ್ಮ ಸೀಮೆಯಲ್ಲಿಯೇ ಇದ್ದರು. ಯಳಂದೂರು ತಾಲ್ಲೂಕಿನ ಕುಷ್ಠರೋಗಿಗಳ ಸೇವೆಯಿಂದ ಕೆಲಸ ಆರಂಭಿಸಿದ, ಡಾ. ಸುದರ್ಶನ್ ಅವರ ಕರುಣಾ ಟ್ರಸ್ಟ್ 2002ರಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ನಡೆಸಿದ ಸಮುದಾಯ ವಿಮೆಯಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಮಲಗಿದವನಿಗೆ ನಷ್ಟವಾದ ಕೂಲಿಯೆಂದು ದಿನಕ್ಕೆ 50 ರೂಪಾಯಿ ಕೊಡುವ ಏರ್ಪಾಡಿತ್ತು. ಇಂದು ಅಂಗಡಿಯಲ್ಲಿ ಸಿಗುವ ಸಾಮಾನ್ಯ ಆರೋಗ್ಯ ಪಾಲಿಸಿಗಳಲ್ಲಿ ಆ ವಿವೇಕ ಕಾಣಿಸುವುದು ಅಪರೂಪ.

ಇನ್ನು ಉಳಿದದ್ದು ಖಾಸಗಿ ವಿಮೆ. ಅವನ ವಯಸ್ಸಿಗೆ ವರ್ಷಕ್ಕೆ ಸುಮಾರು 7,000 ರೂಪಾಯಿ ಎಂದರು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇಕಡಾ 18ರ ಜಿ.ಎಸ್.ಟಿ. ರದ್ದಾಗಿದೆ, ಇಷ್ಟೇ ಕಂತಿಗೆ ಹಿಂದೆ 1,260 ರೂಪಾಯಿ ತೆರಿಗೆ ಸೇರುತ್ತಿತ್ತು. ಮಗನ ವಾದ ಬೇರೆ. “ಅಪ್ಪಾ, ಆ ದುಡ್ಡು ಸೇರಿಸಿದರೆ ಹಳೆಯದಾದರೂ ಒಂದು ಒಳ್ಳೆಯ ಲೆನ್ಸ್ ಬರುತ್ತದೆ. ಏನಾದರೂ ಆದರೆ ಮೈಸೂರಿನಲ್ಲಿ ದೊಡ್ಡಾಸ್ಪತ್ರೆ ಇದೆಯಲ್ಲ” ಎಂದ.

ಮಾತು ತಳ್ಳಿಹಾಕುವಂಥದಲ್ಲ. ಆದರೆ ರಾತ್ರಿ ಹನ್ನೆರಡಕ್ಕೆ ಹನೂರಿನ ಕಾಡುರಸ್ತೆಯಲ್ಲಿ ಬೈಕಿನಲ್ಲಿ ಮರಳುವವನು ಅವನು. 2018ರ ಡಿಸೆಂಬರಿನಲ್ಲಿ ಸುಳ್ವಾಡಿಯ ಮಾರಮ್ಮನ ಗುಡಿಯ ಪ್ರಸಾದ ವಿಷವಾದಾಗ, ಅಸ್ವಸ್ಥರನ್ನು ಕೊಳ್ಳೇಗಾಲ, ಕಾಮಗೆರೆಗಳಿಂದ ಮುಂದೆ ಮೈಸೂರಿಗೆ ಸಾಗಿಸಬೇಕಾಯಿತು. ಅಂದು ವೆಚ್ಚವನ್ನು ಸರ್ಕಾರ ವಹಿಸಿಕೊಂಡಿತು. ಬೈಕಿನಿಂದ ಬಿದ್ದ ಒಬ್ಬನಿಗಾಗಿ ಯಾರೂ ವಹಿಸಿಕೊಳ್ಳರು.

ನನ್ನ ಅಭಿಪ್ರಾಯ ಹೀಗಿದೆ: ಬಡತನ ರೇಖೆಯ ಚೀಟಿಯಿರುವ ಮನೆಯ ಹುಡುಗ ಖಾಸಗಿ ಪಾಲಿಸಿಗೆ ಸಾಲ ಮಾಡಬೇಕಾಗಿಲ್ಲ, ಚೀಟಿಯಲ್ಲಿ ತನ್ನ ಹೆಸರಿದೆಯೇ ಎಂದು ನೋಡಿ, ಕಾರ್ಡು ಮಾಡಿಸಿ, ಆ ಹಣವನ್ನು ಕೂಲಿ ತಪ್ಪುವ ದಿನಗಳಿಗೆ ಇಟ್ಟುಕೊಳ್ಳಲಿ. ನನ್ನ ಮಗನಂತೆ ನಡುವೆ ಸಿಕ್ಕಿಬಿದ್ದವನಿಗೆ ಒಂದು ಸರಳ ಪಾಲಿಸಿ ಬೇಕು. 2020ರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಮಾದರಿಯಲ್ಲಿ ರೂಪಿಸಿದ ‘ಆರೋಗ್ಯ ಸಂಜೀವಿನಿ’ ಇದೆ. ಅದರಲ್ಲಿ ಬಿಲ್ಲಿನ ಶೇಕಡಾ 5 ನಾವೇ ಭರಿಸಬೇಕು. ಕೊಠಡಿಯ ಬಾಡಿಗೆಗೂ ಮಿತಿಯಿದೆ: ವಿಮೆಯ ಮೊತ್ತದ ಶೇಕಡಾ 2, ದಿನಕ್ಕೆ 5,000 ಮೀರದಂತೆ. ಮಿತಿ ಮೀರಿದ ಕೊಠಡಿ ಹಿಡಿದರೆ ಇತರ ವೆಚ್ಚಗಳಿಗೂ ಕತ್ತರಿ ಬೀಳುತ್ತದೆ. ಇದನ್ನು ಮೊದಲೇ ತಿಳಿದವನಿಗೆ ಆಸ್ಪತ್ರೆಯ ಕಿಟಕಿಯ ಮುಂದೆ ಅಚ್ಚರಿಯಾಗದು.

ಕಂತನ್ನು ಯಾರು ಕಟ್ಟಬೇಕೆಂಬ ಮಾತಿಗೆ ಮನೆಯಲ್ಲಿ ಎರಡು ದಿನ ಮೌನ. ಪೂರ್ತಿ ನಾನೇ ಕಟ್ಟಿದರೆ ಅದು ನನ್ನ ಪಾಲಿಸಿಯೇ ಹೊರತು ತನ್ನದಲ್ಲವೆಂದು ಅವನು ಹಟ ಹಿಡಿದ. ಕೊನೆಗೆ ಅರ್ಧಕ್ಕರ್ಧ ಎಂದಾಯಿತು. ಅವನ ಅರ್ಧ ಲಗ್ನದ ತಿಂಗಳುಗಳಲ್ಲಿ.

ಅರ್ಜಿ ತುಂಬಲು ಕುಳಿತಾಗ ನಾನು ತಲೆತಗ್ಗಿಸುವ ಪ್ರಸಂಗ ಬಂತು. ಅವನಿಗೆ ಬಾಲ್ಯದಿಂದ ಉಬ್ಬಸ. ನಾಲ್ಕು ವರ್ಷಗಳ ಹಿಂದೆ ಕುಟುಂಬದ ಪಾಲಿಸಿ ಮಾಡಿಸುವಾಗ “ಅದನ್ನೆಲ್ಲ ಬರೆಯಬೇಡಿ ಸಾರ್, ಕಂತು ಏರುತ್ತದೆ” ಎಂದು ಏಜೆಂಟರು ಹೇಳಿದ್ದನ್ನು ನಾನು ಕೇಳಿದ್ದೆ. ವಿದ್ಯಾರ್ಥಿಗಳಿಗೆ ಹರಿಶ್ಚಂದ್ರನ ಕಥೆ ಪಾಠ ಹೇಳುವವನು ಆ ಅಂಕಣದಲ್ಲಿ ‘ಇಲ್ಲ’ ಎಂದು ಬರೆದಿದ್ದೆ. ವಯಸ್ಸು ಮೀರಿ ಹೊರಬೀಳುವ ಮಗ ಅವಧಿಗೆ ಮುಂಚೆಯೇ ಅದೇ ಕಂಪನಿಯಲ್ಲಿ ಸ್ವಂತ ಪಾಲಿಸಿಗೆ ವರ್ಗಾವಣೆ ಕೋರಿದರೆ, ಹಿಂದೆ ಕಾದ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ಇದ್ದ ಕಾಯಿಲೆಗೆ ಕಾಯಬೇಕಾದ ಅವಧಿಯನ್ನು 2024ರ ಏಪ್ರಿಲಿನಿಂದ ಗರಿಷ್ಠ ಮೂರು ವರ್ಷಕ್ಕೆ ಇಳಿಸಿಯೂ ಇದೆ. ನಾನು ನಿಜ ಬರೆದಿದ್ದರೆ ಅವನ ಉಬ್ಬಸದ ಕಾಯುವಿಕೆ ಇಂದಿಗೆ ಮುಗಿದಿರುತ್ತಿತ್ತು. ಮುಚ್ಚಿಟ್ಟ ರೋಗಕ್ಕೆ ಕಾದ ವರ್ಷವೆಂಬುದೇ ಇಲ್ಲ.

ಈ ಸಲವೂ ಆ ಅಂಕಣದ ಬಳಿ ನನ್ನ ಕೈ ತಡೆಯಿತೆಂದು ಒಪ್ಪಿಕೊಳ್ಳುತ್ತೇನೆ. ಮಗ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ‘ಹೌದು’ ಎಂದು ಬರೆದ. ಬಳಸುವ ಇನ್‌ಹೇಲರಿನ ಹೆಸರನ್ನೂ ಸೇರಿಸಿದ. ನನ್ನ ಪಾಲಿಸಿಯನ್ನು ತಿದ್ದುವಂತೆ ನಾನೂ ಒಂದು ಪತ್ರ ಕಳುಹಿಸಿದ್ದೇನೆ. ಕಂಪನಿಯವರು ಮೈಸೂರಿಗೆ ಬಂದು ವೈದ್ಯಕೀಯ ಪರೀಕ್ಷೆ ಮಾಡಿಸಿಕೊಳ್ಳಲು ತಿಳಿಸಿದ್ದಾರೆ. ಅಂದು ಯಳಂದೂರಿನಲ್ಲಿ ಒಂದು ಮದುವೆ ಒಪ್ಪಿಕೊಂಡಿದ್ದಾನೆ. ದಿನ ಬದಲಿಸಲು ಕೇಳಿದ್ದೇವೆ. ಪಾಲಿಸಿಯ ಅವಧಿ ಮುಗಿಯಲು ಇನ್ನು ಹತ್ತೊಂಬತ್ತು ದಿನಗಳಿವೆ.